ಹಳೇ ಕ್ಷೌರದ ಕತ್ತಿಗೆ ಹೊಸ ಹಿಡಿ: ಮನೆಯಲ್ಲೇ ಕಟ್ಟುವ ಬಗೆ

ಮಡಚುವ ಕ್ಷೌರದ ಕತ್ತಿಯಲ್ಲಿ ಮೊದಲು ಹಾಳಾಗುವುದು ಅಲಗಲ್ಲ, ಹಿಡಿ. ಜರ್ಮನಿಯ ಜೋಲಿಂಗೆನ್‌ನಲ್ಲೋ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲೋ ಮಾಡಿದ ಅಲಗು ಎಷ್ಟೋ ದಶಕ ಪೆಟ್ಟಿಗೆಯಲ್ಲಿ ಬಿದ್ದಿದ್ದರೂ, ತುಕ್ಕು ಆಳಕ್ಕೆ ಇಳಿದಿಲ್ಲದಿದ್ದರೆ, ಸಾಣೆ ಹಿಡಿದು ಚರ್ಮದ ಪಟ್ಟಿಗೆ ಎಳೆದರೆ ಮತ್ತೆ ಗಡ್ಡ ತೆಗೆಯುತ್ತದೆ. ಹಿಡಿಗೆ ಅಷ್ಟು ಆಯಸ್ಸಿಲ್ಲ. ಕೊಂಬಿನದಾದರೆ ಹುಳ ತಿಂದಿರುತ್ತದೆ, ಮರದ್ದಾದರೆ ಸೀಳಿರುತ್ತದೆ, ಹಳೇ ಪ್ಲಾಸ್ಟಿಕ್ ಆದರೆ ಸೊಟ್ಟಗಾಗಿ ಅಲಗನ್ನೇ ಒತ್ತುತ್ತಿರುತ್ತದೆ. ಅಜ್ಜನ ಟ್ರಂಕಿನಲ್ಲೋ ಬೆಂಗಳೂರಿನ ಸಂಡೇ ಬಜಾರಿನಲ್ಲೋ ಇಂಥದೊಂದು ಸಿಕ್ಕರೆ ಬಿಡಬೇಡಿ. ಹೊಸ ಹಿಡಿ ನೀವೇ ಕಟ್ಟಬಹುದು, ದೊಡ್ಡ ಯಂತ್ರ ಏನೂ ಬೇಡ.

ಹಾಗೆಯೇ ಹಳೇ ಹಿಡಿ ಗಟ್ಟಿಯಾಗಿದ್ದರೆ, ಅಲಗು ನಡುವೆ ಸರಿಯಾಗಿ ಕೂರುತ್ತಿದ್ದರೆ, ಸುಮ್ನೆ ಬಿಚ್ಚಬೇಡಿ. ಮೂಲ ಹಿಡಿಗೆ ಅದರದೇ ಬೆಲೆ ಇದೆ.

ಕೆಲಸ ಶುರು ಮಾಡುವ ಮುಂಚೆ ಒಂದು ವಿಷಯ ತಿಳಿದಿರಬೇಕು. ಹಿಡಿ ಅಂದರೆ ಎರಡು ತೆಳು ಹಲಗೆ, ಒಂದು ತುದಿಯಲ್ಲಿ ಅಲಗು ತಿರುಗುವ ಕೀಲು, ಇನ್ನೊಂದು ತುದಿಯಲ್ಲಿ ಹಲಗೆಗಳ ಮಧ್ಯೆ ಒಂದು ಚಿಕ್ಕ ಬೆಣೆ. ಅಷ್ಟೇ. ಮರ ಯಾವುದು, ಹೊಳಪು ಎಷ್ಟು ಅನ್ನುವುದರ ಬಗ್ಗೆ ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ. ಆದರೆ ಕತ್ತಿ ಚೆನ್ನಾಗಿ ಮುಚ್ಚುತ್ತದೋ ಇಲ್ಲವೋ ಅನ್ನುವುದನ್ನು ತೀರ್ಮಾನಿಸುವುದು ಬೆಣೆ. ಕತ್ತಿ ಮುಚ್ಚಿದಾಗ ಅಲಗಿನ ದಪ್ಪ ಬೆನ್ನು ಎರಡು ಹಲಗೆಗಳ ಅಂಚಿಗೆ ತಗುಲಿ ನಿಲ್ಲುತ್ತದೆ, ಅಲಗಿನ ಬಾಯಿ, ಅಂದರೆ ಹರಿತವಾದ ಅಂಚು, ಒಳಗೆ ಯಾವುದಕ್ಕೂ ತಾಗದೆ ಗಾಳಿಯಲ್ಲಿರುತ್ತದೆ. ಬೆಣೆ ಜಾಸ್ತಿ ದಪ್ಪ ಆಯಿತೋ, ಹಲಗೆಗಳ ಮಧ್ಯದ ಸಂದು ಅಗಲವಾಗಿ ಬೆನ್ನು ಒಳಗೆ ಜಾರುತ್ತದೆ, ಬಾಯಿ ಇನ್ನೊಂದು ಕಡೆಯಿಂದ ಹೊರಗೆ ಇಣುಕುತ್ತದೆ. ಅದನ್ನು ನೋಡದೆ ಕೈ ಹಾಕಿದವರ ಗತಿ ಹೇಳಬೇಕಾಗಿಲ್ಲ. ಬೆಣೆ ತೀರಾ ತೆಳುವಾದರೆ ಅಲಗು ಪೂರ್ತಿ ಒಳಗೆ ಹೋಗುವುದಿಲ್ಲ. ಅದಕ್ಕೇ ಕೆಳಗೆ ಬೆಣೆಯ ಬಗ್ಗೆ ಜಾಸ್ತಿ ಬರೆದಿದ್ದೇನೆ.

ಯಾವುದರಲ್ಲಿ ಮಾಡುವುದು

ನಮ್ಮ ಕಡೆ ಮರಕ್ಕೆ ಬರ ಇಲ್ಲ. ಬೀಟೆ ನನಗೆ ಎಲ್ಲಕ್ಕಿಂತ ಇಷ್ಟ. ಗಟ್ಟಿ, ಎಳೆ ಚೆಂದ, ತೆಳುವಾಗಿ ಸೀಳಿದರೂ ನಿಲ್ಲುತ್ತದೆ. ಹೊಸ ದಿಮ್ಮಿ ಹುಡುಕಿಕೊಂಡು ಹೋಗುವ ಅಗತ್ಯವೇ ಇಲ್ಲ, ಪೀಠೋಪಕರಣ ಮಾಡುವ ಕಡೆ ಉಳಿದ ತುಂಡು ಕೇಳಿ. ಕೈಯಷ್ಟುದ್ದದ ತುಂಡು ಸಾಕು. ಹುಣಸೆ ಮರದ ಚೇಗು ಸಿಕ್ಕರೆ ಅದೂ ಭೇಷ್. ಹಲಸು ಹೊಸದರಲ್ಲಿ ಹಳದಿ, ಬರಬರುತ್ತಾ ಜೇನಿನ ಬಣ್ಣಕ್ಕೆ ತಿರುಗುತ್ತದೆ, ಕೊರೆಯುವುದಕ್ಕೂ ಸುಲಭ, ಮೊದಲ ಸಲ ಮಾಡುವವರಿಗೆ ನಾನು ಹೇಳುವುದು ಇದನ್ನೇ. ತೇಗ ನೀರಿಗೆ ಬಗ್ಗುವುದಿಲ್ಲ ನಿಜ, ಆದರೆ ಕೀಲಿನ ತೂತಿನ ಹತ್ತಿರ ಸೀಳುವ ಸ್ವಭಾವ ಇದೆ, ಸ್ವಲ್ಪ ದಪ್ಪ ಇಟ್ಟುಕೊಳ್ಳಿ. ಮಲೆನಾಡಿನ ಮನೆಗಳಲ್ಲಿ ಬಗನಿ ಮರದ ಹಳೇ ಒನಕೆ ಮುರಿದು ಬಿದ್ದಿದ್ದರೆ ಅದರ ಕಪ್ಪು ಎಳೆಗಳು ಹಿಡಿಯಲ್ಲಿ ಬಹಳ ಚೆನ್ನಾಗಿ ಕಾಣುತ್ತವೆ. ಅದರ ಎಳೆ ಮುಳ್ಳಿನಂತೆ ಎದ್ದು ಬೆರಳಿಗೆ ಚುಚ್ಚುವುದರಿಂದ ಸೂಪರ್ ಗ್ಲೂ ಕುಡಿಸಿ ಗಟ್ಟಿ ಮಾಡಿಕೊಂಡೇ ಉಜ್ಜಬೇಕು.

ಎಮ್ಮೆ ಕೊಂಬು ಹಳೇ ಕಾಲದ ಕತ್ತಿಗಳ ಮಾಮೂಲಿ ವಸ್ತು. ಉಗುರು, ಕೂದಲು ಯಾವುದರಿಂದ ಆಗಿದೆಯೋ ಕೊಂಬಿನ ಹೊರಪದರವೂ ಅದರಿಂದಲೇ ಆದದ್ದು, ಹಾಗಾಗಿ ಬಿಸಿ ನೀರಿನಲ್ಲಿ ಮೆತ್ತಗಾಗುತ್ತದೆ. ಸೀಳಿದ ತುಂಡು ಡೊಂಕಾಗಿದ್ದರೆ ಕುದಿಯುವ ನೀರಿನಲ್ಲಿಟ್ಟು, ಬಿಸಿಯಿರುವಾಗಲೇ ಎರಡು ಹಲಗೆಗಳ ಮಧ್ಯೆ ಕ್ಲ್ಯಾಂಪ್ ಹಾಕಿ, ಪೂರ್ತಿ ತಣ್ಣಗಾಗುವ ತನಕ ಬಿಟ್ಟರೆ ನೇರವಾಗುತ್ತದೆ. ಉಜ್ಜುವಾಗ ಸುಟ್ಟ ಕೂದಲಿನ ವಾಸನೆ ಬರುತ್ತದೆ, ಮನೆಯೊಳಗೆ ಬೇಡ.

ಮರವೂ ಬೇಡ ಕೊಂಬೂ ಬೇಡ ಅನ್ನುವವರಿಗೆ ಬಟ್ಟೆಯ ಹಲಗೆ ಇದೆ. ಹಳೇ ಹತ್ತಿ ಲುಂಗಿಯನ್ನೋ ಸವೆದ ಇಳಕಲ್ ಸೀರೆಯ ಹತ್ತಿ ಭಾಗವನ್ನೋ 18 ಸೆಂ.ಮೀ. ಉದ್ದ, 4 ಸೆಂ.ಮೀ. ಅಗಲದ ಪಟ್ಟಿಗಳಾಗಿ ಕತ್ತರಿಸಿ, ಒಂದೊಂದಕ್ಕೂ ಎಪಾಕ್ಸಿ ರೆಸಿನ್ ಚೆನ್ನಾಗಿ ಹೀರಿಸಿ, ಒಂದರ ಮೇಲೊಂದು ಇಟ್ಟು, ಪ್ಲಾಸ್ಟಿಕ್ ಹಾಳೆ ಸುತ್ತಿದ ಎರಡು ಹಲಗೆಗಳ ನಡುವೆ ಬಿಗಿಯಾಗಿ ಒತ್ತಿ ಒಂದು ಇಡೀ ದಿನ ಬಿಡಿ. ಟ್ಯೂಬಿನಲ್ಲಿ ಬರುವ ದಪ್ಪ ಅರಾಲ್ಡೈಟ್ ಬಟ್ಟೆಯೊಳಗೆ ಇಳಿಯುವುದಿಲ್ಲ, ತೆಳುವಾಗಿ ಹರಿಯುವ ರೆಸಿನ್ ಬೇಕು. ನೀರಿಗೆ ಹೆದರದ, ಸೀಳದ ಹಲಗೆ ಸಿಗುತ್ತದೆ, ಅಂಚು ಉಜ್ಜಿದಾಗ ಸೀರೆಯ ಬಣ್ಣ ಗೆರೆಗೆರೆಯಾಗಿ ಏಳುತ್ತದೆ. ಅಮ್ಮನ ಸೀರೆ ಆದರೆ ಕೇಳಿಕೊಂಡು ಕತ್ತರಿಸಿ.

ಇನ್ನು ಬೇಡದ್ದು. ಆನೆದಂತ, ಕಡಲಾಮೆಯ ಚಿಪ್ಪು, ಜಿಂಕೆ ಅಥವಾ ಕಡವೆಯ ಕೊಂಬು ಯಾರು ತಂದುಕೊಟ್ಟರೂ ಮುಟ್ಟಬೇಡಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಇವುಗಳ ವ್ಯಾಪಾರ ಅಪರಾಧ. ಕಾಡಿನಲ್ಲಿ ಉದುರಿದ ಕೊಂಬು ಅಂದರೂ ಅಷ್ಟೇ. ಶ್ರೀಗಂಧವನ್ನು ಬಿಲ್ ಇಲ್ಲದೆ ಕೊಳ್ಳಬೇಡಿ. ಹಾಗೇ ನಿಮ್ಮ ಕತ್ತಿಯ ಹಳೇ ಹಿಡಿಯನ್ನು ಉಜ್ಜಿದಾಗ ಕರ್ಪೂರದ ವಾಸನೆ ಬಂದರೆ ಅದು ಸೆಲ್ಯುಲಾಯ್ಡ್. ಬೇಗ ಹೊತ್ತಿಕೊಳ್ಳುವ ವಸ್ತು, ಯಂತ್ರದಲ್ಲಿ ಉಜ್ಜಬೇಡಿ. ಅದು ಹಳತಾಗಿ ಕೊಳೆಯತೊಡಗಿದರೆ ಹೊರಬರುವ ಆಮ್ಲದ ಹಬೆಗೆ ಅಲಗು ತುಕ್ಕು ಹಿಡಿಯುತ್ತದೆ, ಅಕ್ಕಪಕ್ಕದ ಕತ್ತಿಗಳೂ ಹಿಡಿಯುತ್ತವೆ. ಇಂಥದನ್ನು ಬಿಚ್ಚಿ ಬದಲಾಯಿಸುವುದೇ ಸರಿ.

ಹಳೇ ಹಿಡಿ ಬಿಚ್ಚುವುದು

ಮೊದಲ ಕೆಲಸ ಅಲಗಿನ ಬಾಯಿಗೆ ಮಾಸ್ಕಿಂಗ್ ಟೇಪ್ ಎರಡು ಪದರ ಹಾಕುವುದು. ಮೊಂಡಾಗಿದೆ ಬಿಡಿ ಅನ್ನಬೇಡಿ, ಗಡ್ಡಕ್ಕೆ ಮೊಂಡಾದ ಕತ್ತಿ ಬೆರಳಿಗೆ ಮೊಂಡಲ್ಲ. ಆಮೇಲೆ ಮುಚ್ಚಿದ ಕತ್ತಿಯ ಫೋಟೋ ಎರಡೂ ಕಡೆಯಿಂದ ತೆಗೆದಿಟ್ಟುಕೊಳ್ಳಿ, ಬೆನ್ನು ಎಷ್ಟು ಹೊರಗಿತ್ತು ಅನ್ನುವುದು ಆಮೇಲೆ ಬೇಕಾಗುತ್ತದೆ.

ಹಲಗೆಗಳನ್ನು ಹಿಡಿದಿಟ್ಟಿರುವ ಪಿನ್ನಿನ ತಲೆಯನ್ನು ಚಿಕ್ಕ ಅರದಿಂದ ಒಂದು ಕಡೆ ಸಮತಟ್ಟಾಗಿ ಉಜ್ಜಿ. ವಾಷರ್ ಸಡಿಲವಾಗುತ್ತದೆ. ತೆಗೆದು ಎತ್ತಿಡಿ, ಹಳೇ ವಾಷರ್‌ಗಳು ಮತ್ತೆ ಉಪಯೋಗಕ್ಕೆ ಬರುತ್ತವೆ. ಪಿನ್ನಿನ ನಡುವಿಗೆ ಪಂಚ್‌ನಿಂದ ಗುರುತು ಮಾಡಿ, 1.5 ಮಿ.ಮೀ. ಡ್ರಿಲ್‌ನಿಂದ ಸ್ವಲ್ಪ ಕೊರೆದು, ಕೆಳಗೆ ತೂತಿರುವ ಮರದ ತುಂಡು ಕೊಟ್ಟು ತೆಳು ಮೊಳೆಯಿಂದ ತಟ್ಟಿದರೆ ಪಿನ್ ಆಚೆ ಬೀಳುತ್ತದೆ. ಸ್ಕ್ರೂಡ್ರೈವರ್ ತೂರಿಸಿ ಎಬ್ಬಿಸಬೇಡಿ. ಹಲಗೆ ಮುರಿಯುತ್ತದೆ, ಅಲಗಿನ ಕತ್ತು, ಅಂದರೆ ಕೀಲಿನ ಹತ್ತಿರದ ಹರಿತವಿಲ್ಲದ ಭಾಗ, ಗೀಚುತ್ತದೆ.

ಅಲಗು ಬೇರೆಯಾದಾಗಲೇ ಅದರ ಕತ್ತಿನ ತುಕ್ಕು ತೆಗೆಯಬೇಕು, ಮತ್ತೆ ಈ ಜಾಗ ಸಿಗುವುದಿಲ್ಲ. ಎಣ್ಣೆ ಹಚ್ಚಿ 1000 ನಂಬರಿನ ವಾಟರ್ ಪೇಪರ್‌ನಿಂದ ಕೈಯಲ್ಲೇ ಉಜ್ಜಿ. ತಯಾರಕರ ಮುದ್ರೆ ಇರುವ ಜಾಗ ಬಿಟ್ಟುಬಿಡಿ. ಯಂತ್ರದ ಬಫ್ ಹಿಡಿಯುವವರು ಅಲಗನ್ನು ಬರಿಗೈಯಲ್ಲೇ ಹಿಡಿದು, ಕೈಗೆ ಬಿಸಿ ತಾಗಿದ ಕೂಡಲೇ ನೀರಿಗೆ ಅದ್ದಬೇಕು. ಬಾಯಿ ಒಮ್ಮೆ ನೀಲಿ ಬಣ್ಣಕ್ಕೆ ತಿರುಗಿದರೆ ಆ ಉಕ್ಕಿನ ಹದ ಹೋಯಿತು ಅಂತಲೇ ಅರ್ಥ.

ಅಳತೆ ಮತ್ತು ರಟ್ಟಿನ ಅಚ್ಚು

ಹಳೇ ಹಲಗೆ ಇದ್ದರೆ ಅದನ್ನೇ ರಟ್ಟಿನ ಮೇಲಿಟ್ಟು ಗೆರೆ ಎಳೆಯಿರಿ. ಇಲ್ಲದಿದ್ದರೆ ಹೀಗೆ ಮಾಡಿ. ಅಲಗಿನ ಕತ್ತಿನಲ್ಲಿರುವ ತೂತಿನಿಂದ ಅಲಗಿನ ತುದಿಯವರೆಗೆ ಅಳೆಯಿರಿ. ಅದಕ್ಕೆ ಕೀಲಿನ ಆಚೆಗೆ 8 ಮಿ.ಮೀ., ಅಲಗಿನ ತುದಿಯ ಆಚೆಗೆ 18ರಿಂದ 20 ಮಿ.ಮೀ. ಸೇರಿಸಿ. ಬೆಣೆಗೆ 12 ಮಿ.ಮೀ., ಅಲಗಿನ ತುದಿ ಬೆಣೆಗೆ ತಾಗದಂತೆ ಉಳಿದದ್ದು ಬಿಡುವು. ಸಾಮಾನ್ಯವಾಗಿ ಒಟ್ಟು 15 ಸೆಂ.ಮೀ. ಆಸುಪಾಸು ಬರುತ್ತದೆ.

ಅಗಲಕ್ಕೆ ಅಲಗಿನ ಅಗಲ ನೋಡಬೇಕು. ಈ ಕತ್ತಿಗಳ ಅಗಲವನ್ನು ಇಂಚಿನ ಎಂಟನೇ ಭಾಗದಲ್ಲಿ ಹೇಳುವುದು ರೂಢಿ. 5/8 ಅಂದರೆ ಸುಮಾರು 16 ಮಿ.ಮೀ., 6/8 ಅಂದರೆ 19. ರಟ್ಟಿನಲ್ಲಿ ಹಲಗೆಯ ಆಕಾರ ಕತ್ತರಿಸಿ, ಕೀಲಿನ ಜಾಗದಲ್ಲಿ ಒಂದು ಗುಂಡುಸೂಜಿ ಚುಚ್ಚಿ ಅಲಗನ್ನು ಅದಕ್ಕೆ ಸಿಕ್ಕಿಸಿ ತಿರುಗಿಸಿ ನೋಡಿ. ಮುಚ್ಚಿದಾಗ ಬೆನ್ನು ಸ್ವಲ್ಪ ಹೊರಗಿರಲಿ, ಬಾಯಿ ಹಲಗೆಯ ಕೆಳ ಅಂಚಿನಿಂದ ಕಡೇಪಕ್ಷ 3 ಮಿ.ಮೀ. ಒಳಗಿರಲಿ. ತೆರೆದಾಗ ಅಲಗಿನ ಬಾಲ, ಅಂದರೆ ಕೀಲಿನ ಆಚೆ ಚಾಚಿದ ತುದಿ, ಹಲಗೆಗೆ ಅಡ್ಡ ಬರಬಾರದು. ರಟ್ಟು ಎಷ್ಟು ಹಾಳಾದರೂ ಚಿಂತೆಯಿಲ್ಲ, ಮರ ಹಾಳಾಗಬಾರದು. ಆಕಾರದ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ, ಮಧ್ಯದಲ್ಲಿ ಸ್ವಲ್ಪ ಉಬ್ಬಿ ಎರಡೂ ಕಡೆ ಸಪೂರವಾಗುವ ಹಳೇ ಆಕಾರಕ್ಕಿಂತ ಕೈಗೆ ಹಿತವಾದದ್ದು ಇನ್ನೂ ಬಂದಿಲ್ಲ.

ಕೊಯ್ಯುವುದು, ಕೊರೆಯುವುದು

ಎರಡೂ ಹಲಗೆ ಒಂದೇ ತುಂಡನ್ನು ಪುಸ್ತಕದ ಹಾಗೆ ಸೀಳಿ ಬರಲಿ. ಆಗ ಎರಡೂ ಕಡೆ ಎಳೆ ಒಂದೇ ಥರ ಕಾಣುತ್ತದೆ, ಮಳೆಗಾಲದಲ್ಲಿ ಹಿಗ್ಗಿದರೂ ಎರಡೂ ಒಂದೇ ರೀತಿ ಹಿಗ್ಗುತ್ತವೆ. ಎಳೆ ಉದ್ದಕ್ಕೆ ನೇರವಾಗಿರಬೇಕು, ಅದರಲ್ಲೂ ಕೀಲಿನ ಹತ್ತಿರ. ಅಡ್ಡ ಎಳೆ ಚೆಂದ ಕಾಣುತ್ತದೆ ಅಂತ ಆಸೆಪಟ್ಟರೆ ಪಿನ್ ತಟ್ಟುವಾಗ ಚಟ್ ಅನ್ನುತ್ತದೆ.

ಹಲಗೆಯ ದಪ್ಪ ಮರದ್ದಾದರೆ 3 ಮಿ.ಮೀ., ಕೊಂಬು ಅಥವಾ ಬಟ್ಟೆಯ ಹಲಗೆಗೆ 2.5 ಸಾಕು. ಒಳಮೈಯನ್ನು ಗಾಜಿನ ಮೇಲೆ ಅಂಟಿಸಿದ ಸ್ಯಾಂಡ್ ಪೇಪರ್‌ನ ಮೇಲೆ ತಿಕ್ಕಿ ಪೂರ್ತಿ ಸಮ ಮಾಡಿಕೊಳ್ಳಿ. ಈಗ ಎರಡರ ಒಳಮೈಯನ್ನೂ ಎದುರುಬದುರು ಇಟ್ಟು ಡಬಲ್ ಸೈಡ್ ಟೇಪಿನಿಂದ ಅಂಟಿಸಿ, ಮೇಲೆ ರಟ್ಟಿನ ಅಚ್ಚಿನ ಗೆರೆ ಎಳೆದು, ಮೊದಲು ಕೀಲಿಗೂ ಬೆಣೆಗೂ ಒಂದೊಂದು ತೂತು ಕೊರೆಯಿರಿ, ಆಕಾರ ಆಮೇಲೆ. ಹೊರ ಅಂಚು ಇನ್ನೂ ಚೌಕವಾಗಿರುವಾಗ ತುಂಡು ಅಲುಗಾಡದೆ ನಿಲ್ಲುತ್ತದೆ, ತೂತು ನೆಟ್ಟಗೆ ಬೀಳುತ್ತದೆ. ತೂತು ವಾರೆಯಾದರೆ ಅಲಗು ಒಂದು ಕಡೆ ವಾಲುತ್ತದೆ, ಅದಕ್ಕೆ ಆಮೇಲೆ ಮದ್ದಿಲ್ಲ. ಕೈ ಡ್ರಿಲ್ ನಂಬಬೇಡಿ. ಡ್ರಿಲ್ ಸ್ಟ್ಯಾಂಡ್ ಇಲ್ಲದಿದ್ದರೆ ಯಾವುದಾದರೂ ವರ್ಕ್‌ಶಾಪಿನಲ್ಲಿ ಕೇಳಿ ಕೊರೆಸಿ, ಎರಡು ನಿಮಿಷದ ಕೆಲಸ.

ತೂತು 1.6 ಮಿ.ಮೀ. ಇರಲಿ. ಪಿನ್ನಿಗೆ ಅಕ್ಕಸಾಲಿಗರ ಸಾಮಾನಿನ ಅಂಗಡಿಯಲ್ಲಿ 16 ಗೇಜಿನ ಹಿತ್ತಾಳೆ ತಂತಿ ಕೇಳಿ, ಅದರ ದಪ್ಪ ಹೆಚ್ಚುಕಡಿಮೆ ಇಷ್ಟೇ. ಬೆಂಗಳೂರಿನವರಿಗೆ ಎಸ್.ಪಿ. ರಸ್ತೆಯಲ್ಲಿ ಸಣ್ಣ ವಾಷರ್, ಸಣ್ಣ ನಟ್ಟು ಬೋಲ್ಟು ಎಲ್ಲ ಸಿಗುತ್ತವೆ. 1.6 ಮಿ.ಮೀ. ಬೋಲ್ಟು ಎರಡು ತಂದಿಟ್ಟುಕೊಳ್ಳಿ, ಬೇಕಾಗುತ್ತದೆ.

ತೂತಿಗೆ ತಂತಿಯ ತುಂಡು ತೂರಿಸಿ ಎರಡೂ ಹಲಗೆ ಜರುಗದಂತೆ ಮಾಡಿ, ಹೊರ ಆಕಾರವನ್ನು ಸಣ್ಣ ಗರಗಸದಿಂದ ಗೆರೆಯ ಹೊರಗೆ ಕೊಯ್ದು, ಅರದಿಂದ ಗೆರೆಯವರೆಗೆ ತನ್ನಿ. ಆಮೇಲೆ ಬಿಡಿಸಿ, ಒಂದೊಂದರ ಹೊರಮೈಯನ್ನು ಅಂಚಿನ ಕಡೆಗೆ ಇಳಿಜಾರು ಮಾಡಿ ದುಂಡಗೆ ಉಜ್ಜಿ. ಕೀಲಿನ ಸುತ್ತ, ಬೆಣೆಯ ಪಿನ್ನಿನ ಸುತ್ತ ವಾಷರ್ ಕೂರುವಷ್ಟು ಜಾಗ ಮಾತ್ರ ಸಮತಟ್ಟಾಗಿರಲಿ. ಸ್ಯಾಂಡ್ ಪೇಪರ್ 120ರಿಂದ ಶುರು ಮಾಡಿ 220, 400, 600 ಹೀಗೆ ಹತ್ತಿ, ಮಧ್ಯೆ ಯಾವುದನ್ನೂ ಹಾರಿಸಬೇಡಿ. ಮೂಗಿಗೆ ಒಳ್ಳೇ ಮಾಸ್ಕ್ ಇರಲೇಬೇಕು. ಬೀಟೆಯ ಪುಡಿ ಕೆಲವರಿಗೆ ಚರ್ಮದಲ್ಲಿ ತುರಿಕೆ, ಉಸಿರಿನ ತೊಂದರೆ ತರುತ್ತದೆ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಬೆಣೆ

ಇಲ್ಲಿ ಆತುರ ಬೇಡ. ಬೆಣೆಯನ್ನು ಹಲಗೆಯ ಮರದಲ್ಲೇ ಮಾಡಬಹುದು, ಎದ್ದು ಕಾಣಬೇಕು ಅನ್ನುವವರು ಬಿಳಿ ಎಲುಬಿನಲ್ಲೋ ಹಿತ್ತಾಳೆಯಲ್ಲೋ ಮಾಡುತ್ತಾರೆ. ಹಳೇ ಕತ್ತಿಗಳಲ್ಲಿ ಸೀಸದ ಬೆಣೆ ಸಿಗುತ್ತದೆ, ಅದನ್ನು ಬರಿಗೈಯಲ್ಲಿ ಉಜ್ಜಬೇಡಿ.

ಬೆಣೆಯ ಒಳತುದಿ, ಅಂದರೆ ಕೀಲಿನ ಕಡೆಗೆ ಮುಖ ಮಾಡಿದ ತುದಿ, 2.5 ಮಿ.ಮೀ. ದಪ್ಪ ಇರಲಿ. ಹೊರತುದಿ ಸುಮಾರು 1 ಮಿ.ಮೀ.ಗೆ ಇಳಿಯಲಿ. ಯಾಕೆ ಇಷ್ಟು ಇಳಿಜಾರು ಅಂದರೆ, ಕೀಲಿನ ಕಡೆ ಹಲಗೆಗಳ ಮಧ್ಯೆ ಅಲಗಿನ ಕತ್ತಿನ ದಪ್ಪ ಇರುತ್ತದೆ, ಬೆಣೆಯ ಕಡೆ ಅದರ ಅರ್ಧ. ಬೆಣೆ ಚೂಪಾಗಿದ್ದು ಹಲಗೆಯ ತುದಿಗಳನ್ನು ಹತ್ತಿರ ಎಳೆದಾಗ ನಡುಭಾಗ ಹೊರಕ್ಕೆ ತುಸು ಬಾಗುತ್ತದೆ. ಆ ಬಾಗಿನಿಂದ ಎರಡು ಲಾಭ. ಅಲಗಿನ ಬಾಯಿಗೆ ಒಳಗೆ ಜಾಗ ಸಿಗುತ್ತದೆ, ಹಲಗೆಗಳು ಸ್ಪ್ರಿಂಗಿನಂತೆ ಕೀಲನ್ನು ಎರಡೂ ಕಡೆಯಿಂದ ಹಿಡಿದುಕೊಂಡಿರುತ್ತವೆ. ಕೀಲು ವರ್ಷಗಟ್ಟಲೆ ಸಡಿಲವಾಗದಿರುವುದು ಈ ಒತ್ತಡದಿಂದಲೇ, ಪಿನ್ನನ್ನು ಜೋರಾಗಿ ಬಡಿದದ್ದರಿಂದಲ್ಲ.

ಬೆಣೆಯನ್ನು ಸರಿಯಾಗಿ ಸಮ ಮಾಡುವುದೂ ಮುಖ್ಯ. ಎರಡೂ ಮುಖದ ಇಳಿಜಾರು ಒಂದೇ ಇರಬೇಕು. ಒಂದು ಮುಖ ಜಾಸ್ತಿ ಸವೆದರೆ ಹಲಗೆಗಳು ತಿರುಚಿಕೊಳ್ಳುತ್ತವೆ, ಅಲಗು ಒಂದು ಕಡೆ ಒರಗುತ್ತದೆ.

ಬೋಲ್ಟಿನಲ್ಲಿ ಜೋಡಿಸಿ ನೋಡಿ

ಪಿನ್ ತಟ್ಟುವ ಮುಂಚೆ ಆ ಎರಡು ಸಣ್ಣ ಬೋಲ್ಟುಗಳಿಂದ ಎಲ್ಲವನ್ನೂ ಜೋಡಿಸಿ. ಅಲಗಿನ ಕತ್ತಿಗೂ ಹಲಗೆಗೂ ಮಧ್ಯೆ ಕೂದಲೆಳೆಯಷ್ಟು ತೆಳುವಾದ ಹಿತ್ತಾಳೆ ವಾಷರ್ ಒಂದೊಂದು ಹಾಕಿದರೆ ತಿರುಗುವುದು ನಯವಾಗುತ್ತದೆ, ಮರ ಸವೆಯುವುದಿಲ್ಲ. ಕತ್ತಿನ ತೂತು 1.6ಕ್ಕಿಂತ ದೊಡ್ಡದಿದ್ದು ಅಲಗು ಲಟಲಟ ಅಂದರೆ ಅಳತೆಗೆ ತಕ್ಕ ಸಣ್ಣ ಹಿತ್ತಾಳೆ ಕೊಳವೆ ತೂರಿಸಿ.

ಈಗ ಟೇಪ್ ತೆಗೆದು, ಕತ್ತಿಯನ್ನು ನಿಧಾನವಾಗಿ ಮುಚ್ಚಿ, ಬೆಳಕಿನ ಎದುರು ಹಿಡಿದು ಬಾಯಿಯ ಕಡೆಯಿಂದ ನೋಡಿ. ಬಾಯಿ ಎರಡೂ ಹಲಗೆಗೆ ಸಮ ದೂರದಲ್ಲಿ ಇದೆಯಾ? ಬೆನ್ನು ಎರಡೂ ಕಡೆ ಒಟ್ಟಿಗೇ ತಾಗುತ್ತಿದೆಯಾ? ಅಲಗು ಜಾಸ್ತಿ ಒಳಗೆ ಹೋಗುತ್ತಿದ್ದರೆ ಬೆಣೆ ಸವೆಸಿ ತೆಳು ಮಾಡಿ. ಒಳಗೆ ಹೋಗಲು ಒಪ್ಪದಿದ್ದರೆ ಸ್ವಲ್ಪ ದಪ್ಪನೆಯ ಬೆಣೆ ಹೊಸದಾಗಿ ಮಾಡಿ. ಒಂದೇ ಕಡೆ ವಾಲುತ್ತಿದ್ದರೆ ಬೆಣೆಯನ್ನು ತಿರುವಿ ಹಾಕಿ ನೋಡಿ, ವಾಲುವ ಕಡೆ ಬದಲಾದರೆ ತಪ್ಪು ಬೆಣೆಯದು, ಬದಲಾಗದಿದ್ದರೆ ತೂತಿನದು ಅಥವಾ ಅಲಗೇ ಸೊಟ್ಟ. ಹಳೇ ಅಲಗುಗಳಲ್ಲಿ ಸಣ್ಣ ಸೊಟ್ಟು ಅಪರೂಪವೇನಲ್ಲ, ಬೆಣೆಯ ಒಂದು ಮುಖವನ್ನು ಬೇಕಂತಲೇ ತುಸು ಸವೆಸಿ ಅದನ್ನು ಸರಿದೂಗಿಸಬಹುದು. ಬೋಲ್ಟಿನಲ್ಲಿ ಸರಿ ಬಾರದ್ದು ಪಿನ್ನಿನಲ್ಲಿ ಸರಿ ಬರುವುದಿಲ್ಲ.

ಹೊಳಪು, ಜೋಡಣೆಗೂ ಮುಂಚೆ

ಬಣ್ಣ ಪಾಲಿಶ್ ಎಲ್ಲ ಕೊನೆಗೆ ಅಂತ ಅನ್ನಿಸುತ್ತದೆ ಅಲ್ವಾ, ಇಲ್ಲಿ ಹಾಗಲ್ಲ. ಕತ್ತಿ ನೀರಿನ ಜಾಗದಲ್ಲಿ ಬಳಸುವಂಥದ್ದು. ಹಲಗೆಯ ಒಳಮೈಗೂ ತೂತಿನ ಒಳಗೂ ಪಾಲಿಶ್ ಹೋಗಲೇಬೇಕು, ಜೋಡಿಸಿದ ಮೇಲೆ ಅಲ್ಲಿಗೆ ಕೈ ಹೋಗುವುದಿಲ್ಲ. ಹೊರಗೆ ಮಾತ್ರ ಹಚ್ಚಿದರೆ ಒಂದು ಮೈ ನೀರು ಹೀರಿ ಇನ್ನೊಂದು ಹೀರದೆ ಹಲಗೆ ಬಾಗುತ್ತದೆ.

ಅಗಸೆ ಎಣ್ಣೆ ಸುಲಭ, ಬಟ್ಟೆಯಲ್ಲಿ ತೆಳುವಾಗಿ ಹಚ್ಚಿ ಒರೆಸಿ, ಒಣಗಿದ ಮೇಲೆ ಮತ್ತೆ. ಆ ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳುತ್ತದೆ, ಹರಡಿ ಒಣಗಿಸಿ. ಬೀಟೆಯಲ್ಲಿ ತನ್ನದೇ ಎಣ್ಣೆ ಇರುವುದರಿಂದ ಅದರ ಮೇಲೆ ಅಗಸೆ ಎಣ್ಣೆ ಬೇಗ ಒಣಗುವುದಿಲ್ಲ, ಮೊದಲು ಅಸಿಟೋನ್‌ನಿಂದ ಒರೆಸಿ ಅರಗಿನ ಪಾಲಿಶ್ ಹಚ್ಚಿ. ಚನ್ನಪಟ್ಟಣದ ಬೊಂಬೆಗಳಿಗೆ ಹೊಳಪು ಕೊಡುವುದೂ ಅರಗೇ, ಅವರು ತಿರುಗುವ ಮರಕ್ಕೆ ಕಡ್ಡಿಯನ್ನು ಒತ್ತಿ ಹತ್ತಿಸುತ್ತಾರೆ, ನಾವು ಸ್ಪಿರಿಟ್ಟಿನಲ್ಲಿ ಕರಗಿಸಿ ಬಟ್ಟೆಯಿಂದ ಹಚ್ಚುತ್ತೇವೆ. ಅರಗಿಗೆ ನೀರು ನಿಂತರೆ ಬಿಳಿ ಕಲೆ ಬೀಳುತ್ತದೆ, ಅದಕ್ಕೆ ಮೇಲೆ ಜೇನುಮೇಣದ ಒಂದು ಕೈ ಇರಲಿ. ಕೊಂಬಿಗೆ, ಬಟ್ಟೆಯ ಹಲಗೆಗೆ ಪಾಲಿಶ್ಶೇ ಬೇಡ. 2000 ನಂಬರಿನವರೆಗೆ ಉಜ್ಜಿ ಬಟ್ಟೆಯಲ್ಲಿ ತಿಕ್ಕಿದರೆ ಸಾಕು.

ಪಿನ್ ತಟ್ಟುವುದು

ತಂತಿಯನ್ನು ಸಣ್ಣಗೆ ಕೆಂಪಾಗುವಂತೆ ಕಾಯಿಸಿ ತಣಿಸಿದರೆ ಮೆತ್ತಗಾಗುತ್ತದೆ, ತಟ್ಟುವಾಗ ಬಿರುಕು ಬಿಡುವುದಿಲ್ಲ. ಬಾಯಿಗೆ ಮತ್ತೆ ಟೇಪ್ ಹಾಕಿ. ಮೊದಲು ಬೆಣೆಯ ಪಿನ್, ಆಮೇಲೆ ಕೀಲು.

ತಂತಿ ತೂರಿಸಿ, ಎರಡೂ ಕಡೆ ವಾಷರ್ ಹಾಕಿ, ವಾಷರ್‌ನಿಂದ ಹೊರಗೆ ಮುಕ್ಕಾಲು ಮಿ.ಮೀ.ನಿಂದ 1 ಮಿ.ಮೀ. ಬಿಟ್ಟು ಕತ್ತರಿಸಿ, ತುದಿಯನ್ನು ಅರದಿಂದ ಸಮ ಮಾಡಿ. ಜಾಸ್ತಿ ಬಿಟ್ಟರೆ ಪಿನ್ ಮಡಚುತ್ತದೆ, ಕಡಿಮೆಯಾದರೆ ತಲೆ ಕಟ್ಟುವುದಿಲ್ಲ. ಅಕ್ಕಸಾಲಿಗರ ಪುಟ್ಟ ಗುಂಡು ತಲೆಯ ಸುತ್ತಿಗೆಯಿಂದ, ಕೆಳಗೆ ಕಬ್ಬಿಣದ ದಿಮ್ಮಿ ಕೊಟ್ಟು, ಪಿನ್ನಿನ ಅಂಚಿನ ಸುತ್ತ ಹಗುರವಾಗಿ ತಟ್ಟುತ್ತಾ ಹೋಗಿ. ನಡುವಿಗೆ ಹೊಡೆಯಬೇಡಿ. ಹತ್ತು ಏಟಿಗೊಮ್ಮೆ ತಿರುವಿ ಹಾಕಿ ಇನ್ನೊಂದು ಕಡೆ ತಟ್ಟಿ. ಏಟಿನ ಸದ್ದು ಟಿಕ್ ಟಿಕ್ ಅನ್ನುವಷ್ಟು ಮಾತ್ರ ಇರಲಿ. ನಿಧಾನವಾಗಿ ತಲೆ ದುಂಡಗೆ ಅರಳುತ್ತದೆ.

ಕೀಲಿನ ಪಿನ್ ತಟ್ಟುವಾಗ ಪದೇ ಪದೇ ಅಲಗು ತಿರುಗಿಸಿ ನೋಡಿ. ಯಾವ ಕೋನದಲ್ಲಿ ಬಿಟ್ಟರೂ ಅಲಗು ಅಲ್ಲೇ ನಿಲ್ಲಬೇಕು, ಒಂದೇ ಬೆರಳಿನಲ್ಲಿ ಸರಿಸಿದರೆ ಸರಿಯಬೇಕು. ಇನ್ನೂ ಸ್ವಲ್ಪ ಸಡಿಲ ಅನ್ನಿಸುವಾಗಲೇ ನಿಲ್ಲಿಸಿ. ಆಮೇಲೆ ಬಿಗಿ ಮಾಡಲು ಎರಡು ಏಟು ಸಾಕು, ಬಿಗಿಯಾದದ್ದನ್ನು ಸಡಿಲ ಮಾಡಲು ಪಿನ್ ಕೊರೆದು ತೆಗೆಯಬೇಕು.

ಸಾಣೆ ಹಿಡಿಯುವುದು ಇದೆಲ್ಲ ಮುಗಿದ ಮೇಲೆಯೇ, ಮುಂಚೆ ಹಿಡಿದರೆ ಟೇಪ್ ಹಾಕಿ ತೆಗೆಯುವುದರಲ್ಲೇ ಬಾಯಿ ಹೋಗುತ್ತದೆ. ಬಳಸಿದ ಮೇಲೆ ಕೀಲಿನ ಸಂದಿಯ ನೀರನ್ನು ಟಿಶ್ಯೂ ತೂರಿಸಿ ತೆಗೆದು, ಸ್ವಲ್ಪ ಹೊತ್ತು ತೆರೆದಿಟ್ಟು, ಆಮೇಲೆ ಮುಚ್ಚಿ. ಬಚ್ಚಲುಮನೆಯಲ್ಲಿ ಇಡಬೇಡಿ. ಮೊದಲ ಮಳೆಗಾಲ ಕಳೆದ ಮೇಲೆ ಮರ ಒಮ್ಮೆ ಹಿಗ್ಗಿ ಕುಗ್ಗಿರುತ್ತದೆ, ಆಗ ಬೆಳಕಿಗೆ ಹಿಡಿದು ಅಲಗು ಇನ್ನೂ ನಡುವೆ ಇದೆಯಾ ನೋಡಿ, ಕೀಲು ಸಡಿಲ ಅನ್ನಿಸಿದರೆ ಬಾಯಿಗೆ ಟೇಪ್ ಹಾಕಿ ಎರಡೂ ಕಡೆ ಒಂದೆರಡು ಹಗುರ ಏಟು ಕೊಡಿ.